ಊರು ಏಳುವ ಮುನ್ನ

ಮೈಸೂರಿನ ನಡುಪೇಟೆಯಲ್ಲಿ ಒಂದು ಕಾಲಕ್ಕೆ ಹೊತ್ತೆಷ್ಟೆಂದು ತಿಳಿಯಲು ಗಡಿಯಾರವನ್ನು ನೋಡಬೇಕಾದ ಅಗತ್ಯವಿರಲಿಲ್ಲ; ಹಾಸಿಗೆಯಲ್ಲಿ ಮಲಗಿದ್ದಂತೆಯೇ ಕಿವಿಗೊಟ್ಟರೆ ಸಾಕಾಗಿದ್ದಿತು. ಕೋಳಿ ಕೂಗುವ ಹೊತ್ತಿಗೆ ಅಶೋಕ ರಸ್ತೆಯ ಮಸೀದಿಯಿಂದ ಬಾಂಗು ಕೇಳುತ್ತಿದ್ದಿತು. ಅದರ ಬೆನ್ನಿಗೇ ಅರಮನೆಯ ಕೋಟೆಯೊಳಗಿನ ಗುಡಿಗಳ ಗಂಟೆ. ತುಸು ತಡೆದು, ಅದೇ ಅಶೋಕ ರಸ್ತೆಯ ಇನ್ನೊಂದು ಕಡೆಯಿಂದ ಸಂತ ಫಿಲೋಮಿನಾ ಚರ್ಚಿನ ಗಂಟೆ. ರೈಲು ನಿಲ್ದಾಣದಲ್ಲಿ ಉಗಿಬಂಡಿ ಸಿಳ್ಳು ಹಾಕಿತೆಂದರೆ ಬೆಂಗಳೂರಿಗೆ ಹೋಗುವವರು ಜಟಕಾ ಹತ್ತಬೇಕು. ಇವೆಲ್ಲಕ್ಕೂ ಮೊದಲು, ಇನ್ನೂ ಕತ್ತಲಿರುವಾಗಲೇ, ನಜರಬಾದು ಇಟ್ಟಿಗೆಗೂಡುಗಳ ಮನೆಗಳಲ್ಲಿ ಮಕ್ಕಳು ತಾಯಿಯ ಸೆರಗನ್ನು ಬಿಗಿಹಿಡಿಯುವಂತೆ ಮಾಡುವ ಇನ್ನೊಂದು ದನಿಯಿದ್ದಿತು. 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೃಗಾಲಯದ ಸಿಂಹಗಳು ಬೆಳಗಿನ ಜಾವದಲ್ಲಿ ಗರ್ಜಿಸುತ್ತಿದ್ದ ದನಿ ಅದು.

ಇದನ್ನೆಲ್ಲ ಕೇಳಿ ಬೆಳೆದ ಹಿರಿಯರು ಇಂದು ಮಾತಿಗೆ ಕುಳಿತಾಗ, ‘ಆಗ ಊರು ಎಷ್ಟು ನಿಶ್ಶಬ್ದವಾಗಿತ್ತು!’ ಎಂದು ನಿಟ್ಟುಸಿರು ಬಿಡುವುದುಂಟು. ಸೋಜಿಗದ ಸಂಗತಿಯೆಂದರೆ, ನಿಶ್ಶಬ್ದವನ್ನು ನೆನೆಯುವಾಗ ಅವರ ಬಾಯಿಂದ ಬರುವುದೆಲ್ಲ ಸದ್ದುಗಳ ಪಟ್ಟಿಯೇ. ಇದರಲ್ಲಿ ವಿರೋಧವೇನೂ ಇಲ್ಲ. ಆ ಮುಂಜಾವಿನಲ್ಲಿ ಒಂದು ಸದ್ದು ಇನ್ನೊಂದನ್ನು ನುಂಗುತ್ತಿರಲಿಲ್ಲ. ಪ್ರತಿಯೊಂದಕ್ಕೂ ತನ್ನದೇ ಆದ ಹೊತ್ತು, ತನ್ನದೇ ಆದ ದಿಕ್ಕು ಇದ್ದವು; ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಉಳಿದ ತೆರಪನ್ನೇ ಜನ ಮೌನವೆಂದು ಕರೆದರು.

ಬೆಳೆಯದೆ ನಿಂತ ಹತ್ತು ವರ್ಷ

1951ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 2 ಲಕ್ಷ 44 ಸಾವಿರದಷ್ಟು. ಹತ್ತು ವರ್ಷ ಕಳೆದು 1961ರಲ್ಲಿ ಮತ್ತೆ ಎಣಿಸಿದಾಗ ಅದು 2 ಲಕ್ಷ 54 ಸಾವಿರವನ್ನೂ ಮುಟ್ಟಿರಲಿಲ್ಲ. ಸರ್ಕಾರದ ಕಚೇರಿಗಳೂ ದೊಡ್ಡ ಕಾರ್ಖಾನೆಗಳೂ ಬೆಂಗಳೂರನ್ನು ಹಿಡಿದವು. ಮೈಸೂರಿನ ಪಾಲಿಗೆ ಉಳಿದದ್ದು ಅರಮನೆ, 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ, ರೇಷ್ಮೆ, ಗಂಧ, ಮತ್ತು ಬೆತ್ತ ಹಿಡಿದು ತಿರುಗಾಡುವ ಪಿಂಚಣಿದಾರರು. ದೇಶದ ಬೇರೆ ನಗರಗಳು ಉಬ್ಬುತ್ತಿದ್ದಾಗ ಈ ಊರು ಹತ್ತು ವರ್ಷ ಉಸಿರು ಬಿಗಿಹಿಡಿದು ನಿಂತಂತಿದ್ದಿತು. ಆ ಹಳೆಯ ಬೆಳಗುಗಳು ಅಷ್ಟು ಕಾಲ ಕೆಡದೆ ಉಳಿದುದಕ್ಕೆ ಇದೂ ಒಂದು ಕಾರಣ.

ನಡುಪೇಟೆಯೆಂದರೆ ಹೆಚ್ಚಿನ ಜಾಗವೇನೂ ಅಲ್ಲ. ಅರಮನೆಯ ಉತ್ತರ ಬಾಗಿಲಿನಿಂದ ಹೊರಟು ಚಾಮರಾಜ ವೃತ್ತ, ದೊಡ್ಡ ಗಡಿಯಾರ, ಪುರಭವನ, ಕೃಷ್ಣರಾಜ ವೃತ್ತಗಳನ್ನು ಸುತ್ತಿ, ಸಯ್ಯಾಜಿರಾವ್ ರಸ್ತೆಗೆ ಹೊರಳಿ ದೇವರಾಜ ಮಾರುಕಟ್ಟೆಯನ್ನು ದಾಟಲು ಕಾಲು ಗಂಟೆ ಸಾಕು. ಈ ಕಾಲು ಗಂಟೆಯ ದಾರಿಯಲ್ಲಿ ಎರಡು ಗಡಿಯಾರಗಳಿವೆ. ಮಾರುಕಟ್ಟೆಯ ಮುಂದಿನ ಚಿಕ್ಕ ಗಡಿಯಾರ 1886ರದು. ವೈಸ್‌ರಾಯ್ ಲಾರ್ಡ್ ಡಫರಿನ್ ಬಂದುಹೋದ ನೆನಪಿನದು. ದೊಡ್ಡ ಗಡಿಯಾರ 1927ರದು; ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು 25 ವರ್ಷ ತುಂಬಿದಾಗ ಅರಮನೆಯ ನೌಕರರು ಕಟ್ಟಿಸಿಕೊಟ್ಟದ್ದು. 75 ಅಡಿ ಎತ್ತರದ ಆ ಗೋಪುರದ ಮುಖದ ಮೇಲೆ ಹೊತ್ತನ್ನು ಬರೆದಿರುವುದು ಕನ್ನಡದ ಅಂಕಿಗಳಲ್ಲಿ. ಅದರ ಗಂಟೆ ಬಾರಿಸಿದರೆ ಅಗ್ರಹಾರದವರೆಗೂ ಸಂತೆಪೇಟೆಯವರೆಗೂ ಹೊತ್ತು ತಿಳಿಯುತ್ತಿದ್ದಿತು. ಮುಂದೆ, ಗಂಟೆಯ ಕಂಪನದಿಂದ ಕಟ್ಟಡಕ್ಕೇ ಧಕ್ಕೆಯಾದೀತೆಂಬ ಅಂಜಿಕೆಯಿಂದ ಅದನ್ನು ನಿಲ್ಲಿಸಿಬಿಟ್ಟರು.

ಬೀದಿದೀಪಗಳೂ ಹೊತ್ತನ್ನು ಹೇಳುತ್ತಿದ್ದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹೋಗಿ, 1908ರಲ್ಲಿ ಮೈಸೂರಿಗೆ ಬಂದಿತು. ದೀಪಗಳು ಆರಿದ ಮೇಲೂ ಬೆಳಕು ಪೂರ್ತಿ ಹರಿಯದ ಒಂದಷ್ಟು ಹೊತ್ತು ಇರುತ್ತಿದ್ದಿತು. ಕಟ್ಟಡಗಳಿಗೆ ಬಣ್ಣವಿಲ್ಲ, ಬರಿಯ ಆಕಾರ ಮಾತ್ರ. ಚಾಮುಂಡಿ ಬೆಟ್ಟ ಊರಿನ ಬೆನ್ನಿಗೆ ಕಪ್ಪಾಗಿ ಒರಗಿಕೊಂಡಿದೆ. ಮೆಟ್ಟಿಲು ಹತ್ತಿ ದೇವಿಯ ದರ್ಶನಕ್ಕೆ ಹೋಗುವವರು ಟವೆಲು ಹೊದ್ದು ಮಾತಿಲ್ಲದೆ ನಡೆಯುತ್ತಿದ್ದಾರೆ. ಈ ನಸುಕನ್ನೇ ಹಿರಿಯರು ಬಹಳವಾಗಿ ನೆನೆಯುವುದು.

ಮಲ್ಲಿಗೆಯ ಹೊತ್ತು

ಊರು ಮಲಗಿರುವಾಗ ಮೊದಲು ಎಚ್ಚರಗೊಳ್ಳುತ್ತಿದ್ದುದು ಮಾರುಕಟ್ಟೆ. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಕಮಾನುಗಳ ಸಾಲನ್ನು ಚಾಚಿ ನಿಂತಿರುವ ಈ ಮಾರುಕಟ್ಟೆಯ ಈಗಿನ ಕಟ್ಟಡ 19ನೆಯ ಶತಮಾನದ ಕೊನೆಯ ವರ್ಷಗಳದು. ಅದರೊಳಗೆ ಎಂಟುನೂರಕ್ಕೂ ಮಿಕ್ಕ ಮಳಿಗೆಗಳು. ಅದರ ಮುಂದಣ ರಸ್ತೆಯೇ ಹಿಂದೊಮ್ಮೆ ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆಯಾಗಿದ್ದಿತು. ಅದನ್ನು ಮುಚ್ಚಿ ಮಾಡಿದ ರಸ್ತೆಗೆ ಬರೋಡೆಯ ಮಹಾರಾಜರ ಹೆಸರು ಬಂದಿತು.

ಮಲ್ಲಿಗೆಗೆ ಒಂದು ನಿಯಮವುಂಟು. ಬಿಸಿಲೇರುವ ಮುನ್ನ, ಮೊಗ್ಗು ಮೊಗ್ಗಾಗಿರುವಾಗಲೇ ಬಿಡಿಸಬೇಕು. ಹಾಗಾದರೆ ಸಂಜೆಗೆ ಮುಡಿಯಲ್ಲಿ ಅರಳುತ್ತದೆ. ತಡವಾದರೆ ಬುಟ್ಟಿಯಲ್ಲೇ ಅರಳಿ, ಪೇಟೆ ಸೇರುವ ಹೊತ್ತಿಗೆ ಸೊರಗುತ್ತದೆ. ಆದುದರಿಂದ ಸುತ್ತಲ ಹಳ್ಳಿಗಳ ಹೂವಿನ ತೋಟಗಳಲ್ಲಿ ಹೆಂಗಸರು ಲಾಂದ್ರದ ಬೆಳಕಿನಲ್ಲಿಯೇ ಮೊಗ್ಗು ಬಿಡಿಸುತ್ತಿದ್ದರು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳು, ಬಾಳೆಯೆಲೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟುಗಳು, ನಂಜನಗೂಡಿನ ರಸಬಾಳೆಯ ಗೊನೆಗಳು, ಈರನಗೆರೆಯ ಬದನೆಕಾಯಿ ಇವೆಲ್ಲ ಎತ್ತಿನ ಗಾಡಿಗಳ ಮೇಲೆ ಸಾಲಾಗಿ ಬರುತ್ತಿದ್ದವು. ಗಾಡಿಯ ಅಚ್ಚಿನ ಕೆಳಗೆ ತೂಗುವ ಲಾಂದ್ರ, ಎತ್ತಿನ ಕೊರಳ ಗೆಜ್ಜೆ, ಕಬ್ಬಿಣದ ಪಟ್ಟಿ ಬಿಗಿದ ಚಕ್ರ ಕಲ್ಲಿನ ಮೇಲೆ ಉರುಳುವ ಗಡಗಡ ಸದ್ದು. ಗಾಡಿ ಹೊಡೆಯುವವನು ಅನೇಕ ವೇಳೆ ನಿದ್ರಿಸುತ್ತಿರುತ್ತಿದ್ದನು. ದಾರಿ ಎತ್ತುಗಳಿಗೆ ತಿಳಿದಿದ್ದಿತು.

ಮಾರುಕಟ್ಟೆಯ ಒಳಗಡೆಯೂ ಆ ಹೊತ್ತಿನಲ್ಲಿ ಗದ್ದಲವಿರುತ್ತಿರಲಿಲ್ಲ. ಸಗಟು ವ್ಯಾಪಾರ ಕಿವಿಮಾತಿನಲ್ಲಿ ನಡೆಯುತ್ತಿದ್ದಿತು. ಮಾರುವವನೂ ಕೊಳ್ಳುವವನೂ ಒಬ್ಬರನ್ನೊಬ್ಬರು ಹತ್ತಾರು ವರ್ಷಗಳಿಂದ ಬಲ್ಲವರು. ಕೂಗಿ ಕರೆಯುವ ಕೆಲಸ ಬಿಸಿಲು ಬಂದ ಮೇಲಿನದು. ಹೂವಿನ ಸಾಲಿನಲ್ಲಿ ಬಾಳೆನಾರಿನಿಂದ ಮೊಗ್ಗು ಕಟ್ಟುವ ಬೆರಳುಗಳು ಆಡುತ್ತಿರುತ್ತಿದ್ದವು; ಕಣ್ಣು ಬೇರೆಲ್ಲೋ, ಬೆರಳು ತನ್ನ ಪಾಡಿಗೆ ತಾನು. ಬೆಳಕು ಬರುವ ವೇಳೆಗೆ ಹತ್ತಾರು ಮಾರು ಮಾಲೆ ಕಟ್ಟಿ ಮುಗಿಯುತ್ತಿದ್ದಿತು. ಅದರಲ್ಲಿ ಕೆಲವು ಮೊಳ ವರ್ತನೆಯ ಹೂವಾಗಿ ಮನೆಮನೆಯ ಬಾಗಿಲಿಗೆ ಹೋಗುತ್ತಿದ್ದಿತು.

ವರ್ತನೆ ಎಂಬ ಮಾತನ್ನು ಇಂದಿನ ಮಕ್ಕಳು ನಡತೆ ಎಂಬ ಒಂದೇ ಅರ್ಥದಲ್ಲಿ ಬಲ್ಲರು. ಅಂದಿನ ಬೆಳಗಿನಲ್ಲಿ ಅದಕ್ಕೆ ಬೇರೆಯ ಬೆಲೆಯಿದ್ದಿತು. ವರ್ತನೆಯ ಹಾಲು, ವರ್ತನೆಯ ಹೂವು ಎಂದರೆ ದಿನವೂ ಬರುವುದು, ಕಾಸಿನ ಮಾತನ್ನು ತಿಂಗಳ ಕೊನೆಗೆ ಬಿಡುವುದು, ಒಂದು ದಿನ ತಪ್ಪಿದರೆ ‘ಏನಾಯಿತೋ’ ಎಂದು ಮನೆಯವರು ಕಳವಳಪಡುವುದು. ಲಕ್ಷ್ಮೀಪುರ, ಚಾಮರಾಜಪುರ, ಕೃಷ್ಣಮೂರ್ತಿಪುರಗಳಲ್ಲಿ ಹಸುವನ್ನೇ ಬಾಗಿಲಿಗೆ ಹೊಡೆದುಕೊಂಡು ಬಂದು, ಮನೆಯೊಡತಿಯ ಕಣ್ಣೆದುರಿಗೆ ಕರೆದುಕೊಡುವ ಪದ್ಧತಿಯಿದ್ದಿತು. ಖಾಲಿ ಚೆಂಬಿಗೆ ಬೀಳುವ ಮೊದಲ ಧಾರೆಯ ಸದ್ದು ಒಂದು ಬಗೆ, ತುಂಬುತ್ತ ಬಂದಂತೆ ಇನ್ನೊಂದು ಬಗೆ. ಅದಾದ ಮೇಲೆ ಅಂಗಳಕ್ಕೆ ನೀರು ಚಿಮುಕಿಸುವ ಸದ್ದು, ರಂಗೋಲಿ, ಒಳಗಿನಿಂದ ಕಾಫಿಯ ಪರಿಮಳ. ಜಟಕಾ ಕುದುರೆಯ ಗೊರಸಿನ ತಾಳ ದೂರದಲ್ಲಿ ಕೇಳಿಬಂದರೆ, ಅದು ನಿಲ್ದಾಣಕ್ಕೆ ಹೋಗುತ್ತಿದೆಯೋ ಅಲ್ಲಿಂದ ಬರುತ್ತಿದೆಯೋ ಎಂದು ತಾಳದ ಭಾರದಿಂದಲೇ ಹೇಳಬಲ್ಲವರಿದ್ದರು.

ಮನೆಯ ಹಿಂದಿನ ಓಣಿ

ನೆನಪು ಇಲ್ಲಿಗೆ ನಿಂತುಬಿಟ್ಟರೆ ಚಿತ್ರ ಅಂದವಾಗಿಯೇ ಇರುತ್ತದೆ, ಆದರೆ ಅರ್ಧವಾಗಿರುತ್ತದೆ.

19ನೆಯ ಶತಮಾನದ ಕೊನೆಯಲ್ಲಿ ಬಂದ ಪ್ಲೇಗು ಹಳೆಯ ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಬಹಳ ಜನರನ್ನು ಬಲಿ ತೆಗೆದುಕೊಂಡಿತು. ಅದರ ತರುವಾಯ, 1903ರಲ್ಲಿ, ಮೈಸೂರಿಗೆ ನಗರ ಸುಧಾರಣಾ ಮಂಡಲಿ ಬಂದಿತು. ಭಾರತದಲ್ಲಿ ಅಂತಹ ಮೊದಲಿಗೆ ಹುಟ್ಟಿದ ಮಂಡಲಿಗಳಲ್ಲಿ ಇದೂ ಒಂದು. ಹೊಸ ಬಡಾವಣೆಗಳಿಗೆ ಅಗಲವಾದ ಬೀದಿಗಳು ಬಂದವು, ಸಾಲುಮರಗಳು ಬಂದವು. ಅವುಗಳ ಜೊತೆಗೆ ಮನೆಗಳ ಹಿಂಬದಿಗೆ ಒಂದು ಕಿರಿದಾದ ಓಣಿಯೂ ಬಂದಿತು. ಕನ್ಸರ್ವೆನ್ಸಿ ಓಣಿ ಎಂದು ಅದಕ್ಕೆ ಹೆಸರು. ಮುಂಬಾಗಿಲಿನ ಬೀದಿ ಹಾಲಿನವನಿಗೆ, ಹೂವಿನವಳಿಗೆ, ಬಂಧುಗಳಿಗೆ. ಹಿಂದಿನ ಓಣಿ ಮಲ ಎತ್ತುವವರಿಗೆ.

ಒಳಚರಂಡಿ ಎಲ್ಲ ಮನೆಗಳಿಗೂ ತಲುಪುವವರೆಗೆ ಆ ಓಣಿಯಲ್ಲಿ ಒಂದು ವರ್ಗದ ಜನ ಪ್ರತಿದಿನವೂ ನಡೆದರು. ಬಕೆಟ್ಟು ಹೊತ್ತು, ಗಾಡಿ ತಳ್ಳಿಕೊಂಡು. ಅವರ ಹೊತ್ತೂ ನಸುಕಿನದೇ. ಅವರನ್ನು ಆ ಹೊತ್ತಿಗೆ ಇಟ್ಟದ್ದು ತಂಪಿಗಾಗಿ ಮಾತ್ರವಲ್ಲ. ಊರು ಕಣ್ಣು ಬಿಡುವ ಮೊದಲು ಅವರು ಬಂದುಹೋಗಿರಬೇಕು, ಅವರ ಮುಖ ಯಾರ ಕಣ್ಣಿಗೂ ಬೀಳಬಾರದು. ಆ ಕಾಲದಲ್ಲಿ ಅವರನ್ನು ಕರೆಯುತ್ತಿದ್ದ ಹೆಸರುಗಳು ಇಂದು ಬರೆಯಲು ತಕ್ಕವಲ್ಲ. ಹಾಲಿನವನು ಒಂದು ದಿನ ಬಾರದಿದ್ದರೆ ಏನಾಯಿತೋ ಎಂದು ಕೇಳುತ್ತಿದ್ದ ಮನೆಯವರು, ಓಣಿಯಲ್ಲಿ ಬರುತ್ತಿದ್ದವರ ಹೆಸರನ್ನೇ ಅರಿಯರು. ಮುಂಬಾಗಿಲಿನವರು ಸವಿದ ಮೌನವೂ ಹಿಂದಿನ ಓಣಿಯವರು ಹೊತ್ತ ಮೌನವೂ ಒಂದೇ ಹೊತ್ತಿನವು.

ಈ ಪದ್ಧತಿ ತಾನಾಗಿ ಹೋಗಲಿಲ್ಲ. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಆದದ್ದು 1993ರಲ್ಲಿ. ಅದನ್ನು ಇನ್ನಷ್ಟು ಬಿಗಿಗೊಳಿಸಿದ್ದು 2013ರಲ್ಲಿ. ಬೀದಿ ಗುಡಿಸುವವರಿಗೆ ಪೌರಕಾರ್ಮಿಕರೆಂಬ ಹೆಸರು ಬಂದಿತು. ಹೆಸರಿನೊಡನೆ ಎಲ್ಲವೂ ಬರಲಿಲ್ಲವೆಂಬುದಕ್ಕೆ 2022ರ ಜುಲೈ ತಿಂಗಳು ಸಾಕ್ಷಿ. ಕೆಲಸವನ್ನು ಕಾಯಂ ಮಾಡಿರೆಂದು ಕೇಳಿ ರಾಜ್ಯದ ಪೌರಕಾರ್ಮಿಕರು ಅಂದು ಪೊರಕೆ ಕೆಳಗಿಟ್ಟರು. 2015 ಮತ್ತು 2016ರ ರಾಷ್ಟ್ರೀಯ ಸ್ವಚ್ಛತಾ ಸಮೀಕ್ಷೆಗಳಲ್ಲಿ ಮೈಸೂರಿಗೆ ಮೊದಲ ಸ್ಥಾನ ಬಂದಾಗ ಊರೆಲ್ಲ ಹಿಗ್ಗಿತ್ತು; ಆ ಬಹುಮಾನವನ್ನು ಗಳಿಸಿದ್ದು ಹೆಚ್ಚಿನ ಮಟ್ಟಿಗೆ ಬೆಳಗ್ಗೆ ಆರು ಗಂಟೆಯ ಕೆಲಸ.

ಕುಸಿದ ಗೋಡೆಗಳು

ನಿಂತಿದ್ದ ಊರು ಕೊನೆಗೆ ಹೊರಟಿತು. 2011ರ ಹೊತ್ತಿಗೆ ಜನಸಂಖ್ಯೆ 9 ಲಕ್ಷದ ಆಸುಪಾಸಿಗೆ ಬಂದಿದ್ದಿತು. 1990ರ ದಶಕದಲ್ಲಿ ಬೆಂಗಳೂರಿನ ರೈಲು ದಾರಿ ಅಗಲವಾಯಿತು. ಉಗಿಬಂಡಿಯ ಸಿಳ್ಳು ನೆನಪಿಗೆ ಸೇರಿತು. ಜಟಕಾಗಳು ಪ್ರವಾಸಿಗಳ ಸವಾರಿಗೆಂದು ಅರಮನೆಯ ಸುತ್ತ ಉಳಿದುಕೊಂಡವು. ಎತ್ತಿನ ಗಾಡಿಯ ಜಾಗಕ್ಕೆ ಸಣ್ಣ ಲಾರಿಗಳು ಬಂದವು. ಸೊರಗು ರೋಗಕ್ಕೆ ತುತ್ತಾಗಿ ನಂಜನಗೂಡಿನ ರಸಬಾಳೆಯೂ ಅಪರೂಪವಾಯಿತು.

ಕಟ್ಟಡಗಳೂ ದಣಿದವು. ಮಾರುಕಟ್ಟೆಯ ಎದುರಿಗೆ, ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಅವರು ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡವಿದೆ. ಹಳೆಯ ಪುಸ್ತಕಗಳ ಅಂಗಡಿಗಳಿಂದಾಗಿ ಅದು ತಲೆತಲಾಂತರದ ವಿದ್ಯಾರ್ಥಿಗಳಿಗೆ ಪರಿಚಿತ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಭಾಗ ಉರುಳಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವರು, ರಿಪೇರಿ ಮಾಡಿ ಉಳಿಸಬೇಕೆಂದು ಕೆಲವರು. ವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ವಾದದಲ್ಲಿ ಕಮಾನುಗಳ ಮಾತು ಬಂದಷ್ಟು, ಕಮಾನಿನ ಕೆಳಗೆ ನಸುಕಿನಲ್ಲಿ ಬಂದು ಕುಳಿತುಕೊಳ್ಳುವವರ ಮಾತು ಬರಲಿಲ್ಲ.

ಇದರ ನಡುವೆ ಒಮ್ಮೆ, ಯಾರೂ ಬೇಡದೆ, ಹಳೆಯ ಮೌನ ತಿರುಗಿ ಬಂದಂತೆ ತೋರಿತು. 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ. 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಕೃಷ್ಣರಾಜ ವೃತ್ತದಲ್ಲಿ ಪಾರಿವಾಳದ ರೆಕ್ಕೆಯ ಸದ್ದು ಕೇಳುವಂತಾಯಿತು. ಹಿರಿಯರು ಕಿಟಕಿಯಲ್ಲಿ ನಿಂತು ಕಿವಿಗೊಟ್ಟರು. ಆದರೆ ಅವರು ಕಾದ ಬೆಳಗು ಬರಲಿಲ್ಲ. ಗಾಡಿಯಿಲ್ಲ, ಹೂವಿಲ್ಲ, ಮಾತಿಲ್ಲ. ಬೆಳೆದ ಮಲ್ಲಿಗೆಗೆ ಕೊಳ್ಳುವವರಿರಲಿಲ್ಲ. ಗುಡಿ, ಮಸೀದಿ, ಚರ್ಚುಗಳ ಬಾಗಿಲಿಗೆ ಜನರಿಲ್ಲ. ಹಳೆಯ ಮುಂಜಾವಿನ ಮೌನ ಕೆಲಸದ ನಡುವಿನ ಮೌನವಾಗಿದ್ದಿತು. ಇದು ಕೆಲಸ ನಿಂತುಹೋದ ಮೌನ. ಎರಡೂ ಒಂದೇ ಅಲ್ಲವೆಂದು ಅಂದು ಅವರಿಗೆ ಮನವರಿಕೆಯಾಯಿತು. ಆ ದಿನಗಳಲ್ಲಿಯೂ ತಪ್ಪದೆ ಬೀದಿಯಲ್ಲಿ ಕೇಳಿಸಿದ ಸದ್ದು ಒಂದೇ: ಪೊರಕೆಯದು. ಅನೇಕ ಮನೆಗಳವರು ಅಂದು ಮೊದಲ ಸಲ ಆ ಸದ್ದಿನತ್ತ ತಿರುಗಿ ನೋಡಿದರು.

ಆನೆಗಳು ನಡೆಯುವ ಬೆಳಗು

ಹಳೆಯ ಬೆಳಗು ಪೂರ್ತಿಯಾಗಿ ಹೋಗಿಬಿಟ್ಟಿತೆಂದು ಹೇಳಲಾಗದು. ವರ್ಷದಲ್ಲಿ ಕೆಲವು ವಾರ, ದಸರಾ ಹತ್ತಿರವಾದಂತೆ, ನಡುಪೇಟೆಯಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಜಂಬೂ ಸವಾರಿಗೆ ಕಾಡಿನ ಶಿಬಿರಗಳಿಂದ ಬಂದ ಆನೆಗಳಿಗೆ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿಲೋಮೀಟರು, ಬೆಳಗಿನ ತಾಲೀಮು ನಡೆಯುತ್ತದೆ. ಮೊದಮೊದಲು ಬರಿ ಮೈಯಲ್ಲಿ ನಡಿಗೆ. ತರುವಾಯ ಬೆನ್ನ ಮೇಲೆ ಮರಳಿನ ಮೂಟೆ. ಕೊನೆಗೆ ಮರದ ಅಂಬಾರಿ. ವಿಜಯದಶಮಿಯಂದು ಹೊರಬೇಕಾದ ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋಗ್ರಾಮು. ಅಷ್ಟು ಭಾರಕ್ಕೆ ಬೆನ್ನನ್ನೂ, ಪೇಟೆಯ ಗದ್ದಲಕ್ಕೆ ಕಿವಿಯನ್ನೂ ಒಗ್ಗಿಸಬೇಕು.

ಆನೆಯಷ್ಟು ದೊಡ್ಡ ಪ್ರಾಣಿ ಇಷ್ಟು ಸದ್ದಿಲ್ಲದೆ ನಡೆಯುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಮೆತ್ತಗಿನ ಅಂಗಾಲು ಡಾಂಬರಿನ ಮೇಲೆ ಬೀಳುವಾಗ ಉಜ್ಜಿದಂತೆ ಒಂದು ಸಣ್ಣ ದನಿ, ಸರಪಳಿಯ ಕಿಣಿಕಿಣಿ, ಮಾವುತನ ಒಂದೆರಡು ಮಾತು. ಅದಕ್ಕಾಗಿ ಸ್ವಲ್ಪ ಹೊತ್ತು ವಾಹನಗಳು ನಿಲ್ಲುತ್ತವೆ. ಚಿಕ್ಕ ಗಡಿಯಾರದ ಬಳಿ ಹೂವಿನವರು ಕೈಯ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾರೆ. ತಾತಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ. ಆ ಐದು ನಿಮಿಷಗಳಲ್ಲಿ ಒಂದು ಸದ್ದೂ ಇನ್ನೊಂದು ಸದ್ದೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆ. ಊರು ಮನಸ್ಸು ಮಾಡಿದರೆ ಇಂದಿಗೂ ಒಂದಷ್ಟು ಹೊತ್ತು ತಗ್ಗಬಲ್ಲದೆಂಬುದಕ್ಕೆ ಇದೇ ಪ್ರಮಾಣ.

ಆನೆಗಳು ಸಯ್ಯಾಜಿರಾವ್ ರಸ್ತೆಯ ತಿರುವಿನಲ್ಲಿ ಮರೆಯಾಗುತ್ತವೆ. ನೋಡಲು ಬಂದವರು ಚದುರುತ್ತಾರೆ. ಮೋಟಾರು ಸೈಕಲ್ಲುಗಳು ಒಂದೊಂದಾಗಿ ಚಾಲೂ ಆಗುತ್ತವೆ. ಆಗ ರಸ್ತೆಯ ಮೇಲೆ ಉಳಿಯುವವರು ಹಸಿರು ಅಂಗಿ ತೊಟ್ಟ ಇಬ್ಬರು ಮೂವರು ಹೆಂಗಸರು. ಆನೆಯ ಲದ್ದಿಯನ್ನು, ಬಿದ್ದ ಹೂವಿನ ಎಸಳನ್ನು, ಜನ ಎಸೆದುಹೋದ ಕಾಗದವನ್ನು ಗುಡಿಸಲು ತೊಡಗುತ್ತಾರೆ. ತಾತನ ಹೆಗಲ ಮೇಲಿಂದ ಇಳಿದ ಮಗುವೊಂದು ಆನೆ ಹೋದ ಕಡೆಗೆ ಬೀಸುತ್ತಿದ್ದ ಕೈಯನ್ನು ತಿರುಗಿಸಿ, ಅವರಿಗೂ ಬೀಸುತ್ತದೆ. ಅವರಲ್ಲೊಬ್ಬಳು ಪೊರಕೆಯನ್ನು ಎಡಗೈಗೆ ತೆಗೆದುಕೊಂಡು, ನಕ್ಕು, ತಾನೂ ಕೈ ಬೀಸುತ್ತಾಳೆ.